ಮಡಕೆಯ ಕುಲವೂ ಲೋಹದ ಕುಲವೂ

ಹಿತ್ತಾಳೆಯ ತಂಬಿಗೆಯು ಕೈಜಾರಿ ಬಿದ್ದರೆ ತಗ್ಗು ಬೀಳುವುದು; ಮಣ್ಣಿನ ಮಡಕೆಯು ಬಿದ್ದರೆ ಬೋಕಿಯಾಗುವುದು. ಇದನ್ನರಿಯದ ಗೃಹಿಣಿಯಿಲ್ಲ. ನಮ್ಮ ತಾರ್ಕಿಕರಂತೂ ಧ್ವಂಸಕ್ಕೆ ಉದಾಹರಣೆ ಬೇಕಾದಾಗಲೆಲ್ಲ ಪಾಪ, ಘಟವನ್ನೇ ಒಡೆದಿರುತ್ತಾರೆ! ಹೀಗಿರಲು, 2016ನೆಯ ಇಸವಿಯಿಂದ ಪ್ರಯಾಣಿಕರ ವಿಮಾನಗಳನ್ನು ನಡೆಸುತ್ತಿರುವ ‘ಲೀಪ್’ ಎಂಬ ಎಂಜಿನಿನಲ್ಲಿ, ಉರಿಯ ಸಮೀಪದ ಟರ್ಬೈನ್ ಚಕ್ರವನ್ನು ಬಳಸಿ ನಿಂತ ಬಳೆಯನ್ನು ಮಡಕೆಯ ಕುಲದ ಸಿರಾಮಿಕ್ ವಸ್ತುವಿನಿಂದಲೇ ರಚಿಸಿರುವರೆಂದರೆ, ವಾಚಕರಿಗೆ ಆಶ್ಚರ್ಯವೂ ಕೊಂಚ ಭಯವೂ ಆದೀತು. ನೂರಾರು ಜನರ ಪ್ರಾಣವನ್ನು ಒಡೆಯುವ ವಸ್ತುವಿಗೆ ಒಪ್ಪಿಸುವುದುಂಟೇ?

ಈ ಸ್ಥಾನದಲ್ಲಿ ಹಿಂದಿನಿಂದ ಇದ್ದದ್ದು ನಿಕ್ಕಲ್ ಮಿಶ್ರಲೋಹ. ಶುದ್ಧ ನಿಕ್ಕಲ್ ಕರಗುವುದು 1455 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಆದರೆ ಮಿಶ್ರಲೋಹವು ಸುಮಾರು 1100 ಡಿಗ್ರಿಯಲ್ಲಿಯೇ ಬಲಗುಂದಿ, ಎಳೆತಕ್ಕೆ ಸಿಕ್ಕಿ ಮೆಲ್ಲಮೆಲ್ಲನೆ ಉದ್ದವಾಗತೊಡಗುವುದು. ಎಂಜಿನಿನ ಅನಿಲವೋ ಅದಕ್ಕಿಂತ ಎಷ್ಟೋ ಬಿಸಿ. ಆದಕಾರಣ ಸಣ್ಣ ರಂಧ್ರಗಳಿಂದ ಗಾಳಿಯೂದಿ ಲೋಹವನ್ನು ತಣಿಸಬೇಕು. ಆ ಗಾಳಿಯನ್ನು ಎಂಜಿನೇ ಒತ್ತಿ ಕೊಡಬೇಕಾದುದರಿಂದ ಎಣ್ಣೆಯ ವೆಚ್ಚವು ಹೆಚ್ಚುವುದು. ಸಿರಾಮಿಕ್ ಸಂಯುಕ್ತವಾದರೋ ಸುಮಾರು 1300 ಡಿಗ್ರಿಯವರೆಗೆ ತಾಳುವುದು. ತೂಕವೂ ಲೋಹದ ಮೂರರಲ್ಲೊಂದು ಪಾಲು ಮಾತ್ರ.

ಇದರ ಮೂಲದ್ರವ್ಯ ಸಿಲಿಕಾನ್ ಕಾರ್ಬೈಡ್, ಎಂದರೆ ಸಾಣೆ ಹಿಡಿಯುವವರ ಕಾರ್ಬೊರಂಡಮ್. ಬರಿಯ ಕಾರ್ಬೊರಂಡಮ್ ಆಗಿದ್ದರೆ ಮಡಕೆಯ ಗತಿಯೇ. ಆದುದರಿಂದ ಅದರೊಳಗೆ ಅದೇ ದ್ರವ್ಯದ, ಕೂದಲಿಗಿಂತ ತೆಳುವಾದ ಎಳೆಗಳನ್ನು ಹುದುಗಿಸುವರು. ಮಣ್ಣಿನ ಗೋಡೆಗೆ ಹುಲ್ಲು ಬೆರಸುವುದನ್ನು ನೆನೆದುಕೊಳ್ಳಿ. ಎಳೆಯು ಬಿಗಿಯಾಗಿ ಅಂಟಿದಷ್ಟೂ ಒಳ್ಳೆಯದೆಂದು ತೋರಬಹುದು, ವಸ್ತುಸ್ಥಿತಿ ತದ್ವಿರುದ್ಧ. ಬಿಗಿಯಾಗಿ ಅಂಟಿದ್ದರೆ ಬಿರುಕು ಎಳೆಯನ್ನೂ ಸೀಳಿಕೊಂಡು ನೇರವಾಗಿ ಮುಂದೆ ಹೋಗುವುದು. ಅದಕ್ಕಾಗಿ ಪ್ರತಿ ಎಳೆಗೂ ಬೋರಾನ್ ನೈಟ್ರೈಡಿನ ಮೃದುವಾದ ತೆಳು ಹೊದಿಕೆಯನ್ನು ಕೊಡುವರು. ಬಿರುಕು ಅಲ್ಲಿಗೆ ಬಂದು, ದಾರಿ ತಪ್ಪಿ, ಪಕ್ಕಕ್ಕೆ ಹರಿಯುವುದು. ಎಳೆಯು ಜಾರುತ್ತ ಜಾರುತ್ತ ಅದರ ವೇಗವನ್ನು ನುಂಗುವುದು. ಬಿರುಕು ಬಿದ್ದರೂ ವಸ್ತುವು ಚೂರಾಗದು. ಈ ಯುಕ್ತಿಗೆ ತಲೆದೂಗಲೇಬೇಕು.

ಹಾಗೆಂದು ಲೋಹವನ್ನು ಹಳಿಯತಕ್ಕದ್ದಲ್ಲ. ಭಾರ ಮಿತಿಮೀರಿದರೆ ಅದು ಬಾಗಿ ಎಚ್ಚರ ಕೊಡುವುದು. ಕರಗಿಸಿ ಮರಳಿ ಎರೆಯಬಹುದು. ಸಿರಾಮಿಕ್ಕಿಗೆ ಆ ಮಟ್ಟಿನ ಸೈರಣೆಯಿಲ್ಲ, ಬೆಲೆಯೂ ಬಹಳ. ಉರಿಯಲ್ಲಿ ಹುಟ್ಟುವ ನೀರಾವಿಯು ಅದರ ಮೈಯನ್ನು ಸವೆಸುವುದರಿಂದ ಬೇರೊಂದು ರಕ್ಷಾಲೇಪನವೂ ಬೇಕು. ಆದಕಾರಣ ಲೀಪ್ ಎಂಜಿನಿನಲ್ಲಿ ಅಲುಗದೆ ನಿಂತ ಆ ಬಳೆ ಮಾತ್ರ ಸಿರಾಮಿಕ್. ಅದರೊಳಗೆ ಅತಿವೇಗದಿಂದ ಸುತ್ತುತ್ತ ಪ್ರಚಂಡ ಸೆಳೆತವನ್ನು ತಾಳುವ ಅಲಗುಗಳು ಇಂದಿಗೂ ನಿಕ್ಕಲ್ ಲೋಹದವೇ.