ತಾಲ್ಚೇರಿನ ಬಂಡೆಗಲ್ಲುಗಳು: ಒಂದು ಮರುಪಾಠ

ಬೋಧನಾಭ್ಯಾಸದ ಎರಡನೆಯ ವಾರ ಒಂಬತ್ತನೇ ತರಗತಿಗೆ ಹಿಮನದಿಗಳ ಪಾಠ ಮಾಡುತ್ತಿದ್ದೆ. ಒಡಿಶಾದ ತಾಲ್ಚೇರ್ ಸುಮಾರು 30 ಕೋಟಿ ವರ್ಷಗಳ ಹಿಂದೆ ಹಿಮದ ಪ್ರದೇಶವಾಗಿತ್ತು ಎಂದೆ. ಹುಡುಗಿಯೊಬ್ಬಳು ಎದ್ದು, "ಸರ್, ನಮ್ಮೂರ ಹಳ್ಳದಲ್ಲೂ ನೆರೆ ಬಂದಾಗ ಬಂಡೆ ಉರುಳಿ ಬರ್ತವೆ. ಅದು ಹಿಮವೇ ಅಂತ ಹೇಗೆ ಹೇಳ್ತೀರಿ?" ಎಂದಳು. "ವಿಜ್ಞಾನಿಗಳು ಕಂಡುಹಿಡಿದಿದ್ದಾರೆ" ಎಂದುಬಿಟ್ಟೆ. ಮೇಲ್ವಿಚಾರಕರು ಪಾಠವೀಕ್ಷಣಾ ಪುಸ್ತಕದಲ್ಲಿ ಅದನ್ನೇ ಬರೆದು ಕೆಳಗೆ ಕೆಂಪು ಗೆರೆ ಎಳೆದಿದ್ದರು.

ಮರುಪಾಠವನ್ನು ಅವಳ ಹಳ್ಳದಿಂದಲೇ ಆರಂಭಿಸಿದೆ. ಗಾಜಿನ ಜಾಡಿಗೆ ಜಲ್ಲಿ, ಮರಳು, ಜೇಡಿ ಹಾಕಿ ನೀರು ಬೆರೆಸಿ ಕುಲುಕಿದೆವು. ಜಲ್ಲಿ ಮೊದಲು ತಳ ಸೇರಿತು, ಮೇಲೆ ಮರಳು. ಜೇಡಿ ಗಂಟೆ ಹೊಡೆದರೂ ತೇಲುತ್ತಲೇ ಇತ್ತು. ನೀರು ವಿಂಗಡಿಸುತ್ತದೆ, ಹಿಮ ವಿಂಗಡಿಸುವುದಿಲ್ಲ. ತಾಲ್ಚೇರಿನಲ್ಲಿ ನುಣ್ಣನೆಯ ಹೂಳಿನ ನಡುವೆಯೇ ದೊಡ್ಡ ಬಂಡೆಗಳು ಹುದುಗಿವೆ. ಕಲ್ಲಿದ್ದಲು ಪ್ರದೇಶದ ನಕ್ಷೆ ತಯಾರಿಸಿದ ಬ್ಲಾನ್‌ಫರ್ಡ್ ಸಹೋದರರು ಮತ್ತು ಥಿಯೊಬಾಲ್ಡ್ ಇದಕ್ಕೆ ಹಿಮ ಕಾರಣವಿರಬಹುದೆಂದು ಸೂಚಿಸಿದ್ದು 1856ರಲ್ಲಿ. ಸೆಖೆಯ ನಾಡಿನಲ್ಲಿ ಹಾಗೆ ಯೋಚಿಸಲು ಧೈರ್ಯ ಬೇಕಿತ್ತು.

ಇಷ್ಟೇ ಸಾಲದು. ಗುಡ್ಡ ಕುಸಿದು ಹರಿದ ಕೆಸರೂ ಕಲ್ಲು–ಮಣ್ಣನ್ನು ಹೀಗೆಯೇ ಕಲಸುತ್ತದೆ. ಆದ್ದರಿಂದ ಇನ್ನೆರಡು ಸಾಕ್ಷಿ ಬೇಕು. ಒಂದು, ಗೀರುಗಳು. ಮಹಾರಾಷ್ಟ್ರದ ಚಂದ್ರಾಪುರದ ಬಳಿ ಇರೈ ನದಿಯಲ್ಲಿ ಈ ಪದರದ ಕೆಳಗಿನ ಸುಣ್ಣಕಲ್ಲಿನ ನೆಲ ನಯವಾಗಿ ಉಜ್ಜಿಹೋಗಿ, ಒಂದೇ ದಿಕ್ಕಿನ ಗೀರುಗಳನ್ನು ಹೊತ್ತಿದೆ. ಮರಳು ಬೆರೆಸಿ ಫ್ರಿಜ್‌ನಲ್ಲಿಟ್ಟ ಐಸ್ ತುಂಡನ್ನು ಬಟ್ಟೆ ಸೋಪಿನ ಮೇಲೆ ಒತ್ತಿ ಎಳೆಸಿದೆ. ಗೀರು ಮೂಡಿದಾಗ ಮಕ್ಕಳಿಗೆ ನನ್ನ ವಿವರಣೆ ಬೇಕಾಗಲಿಲ್ಲ. ಇನ್ನೊಂದು, ತೆಳುವಾದ ಹೂಳು ಪದರಗಳನ್ನು ಕೆಳಕ್ಕೆ ಬಾಗಿಸಿ ಕುಳಿತ ಒಂಟಿ ಕಲ್ಲುಗಳು. ಪದರ ನಿಶ್ಚಲ ನೀರಿನದು, ಅಂಥ ನೀರು ಕಲ್ಲನ್ನು ಹೊರಲಾರದು. ತೇಲುವ ಹಿಮಗಡ್ಡೆ ಕರಗಿ ಬೀಳಿಸಿರಬೇಕು.

ಆಮೇಲೆ ನಕ್ಷೆ. ದಾಮೋದರ್ ಕಣಿವೆ, ಮಹಾನದಿ, ಗೋದಾವರಿ ಪ್ರದೇಶಗಳಲ್ಲಿ ಈ ಪದರ ಸಿಕ್ಕಲ್ಲೆಲ್ಲ ಗುರುತು ಹಾಕಿ, ಗೀರುಗಳ ದಿಕ್ಕನ್ನು ಗೆರೆಗಳಿಂದ ತೋರಿಸುತ್ತಾರೆ. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಗಳಲ್ಲೂ ಹೆಚ್ಚುಕಡಿಮೆ ಅದೇ ಯುಗದ ಹಿಮದ ಪದರಗಳಿವೆ. ಆ ಭೂಭಾಗಗಳನ್ನು ಕತ್ತರಿಸಿ ಜೋಡಿಸಿದರೆ ಗೊಂಡ್ವಾನ ಮೂಡುತ್ತದೆ. ಇದನ್ನು ಅವಸರದಲ್ಲಿ ಮುಗಿಸಿದೆ, ತಪ್ಪು ನನ್ನದೇ.

ಅದೇ ಹುಡುಗಿ ಸೋಪು ಕೈಯಲ್ಲಿ ಹಿಡಿದು ಮತ್ತೆ ಎದ್ದಳು: "ಗೀರಿಗೆ ಎರಡು ತುದಿ ಇದೆಯಲ್ಲ ಸರ್, ಹಿಮ ಯಾವ ಕಡೆಯಿಂದ ಬಂತು?" ಬಂಡೆಗಳ ತಾಯಿಶಿಲೆ ಎಲ್ಲಿದೆಯೆಂದು ಹುಡುಕಬೇಕು ಎನ್ನುವಷ್ಟರಲ್ಲಿ ಗಂಟೆ ಬಾರಿಸಿತು.