ಮಾರ್ಚ್ ಬಂತು, ಹಕ್ಕಿ ಸೀಸನ್ ಮುಗಿಯಿತು ಎನ್ನುವವರಿಗೆ

ಶಿವರಾತ್ರಿ ಕಳೆಯಿತೆಂದರೆ ಬಹಳ ಮಂದಿಯ ಬೈನಾಕ್ಯುಲರ್ ಬೀರು ಸೇರುತ್ತದೆ. ‘ವಲಸೆ ಹಕ್ಕಿಗಳೆಲ್ಲ ಡಿಸೆಂಬರ್, ಜನವರಿಯವು. ಬಿಸಿಲೇರಿತು, ವಾಪಸ್ ಹೋದವು. ಇನ್ನು ಕೆರೆ ದಂಡೆಯಲ್ಲಿ ನೋಡಲು ಏನಿದೆ?’ ಎಂಬ ಮಾತು ಪ್ರತಿವರ್ಷ ಕಿವಿಗೆ ಬೀಳುತ್ತದೆ. ನನ್ನ ಕೇಳಿದರೆ, ವರ್ಷಕ್ಕೊಮ್ಮೆ ಮಾತ್ರ ಬಿಡುವು ಸಿಗುವವರು ಕೆರೆಗೆ ಹೋಗಬೇಕಾದದ್ದು ಜನವರಿಯಲ್ಲಲ್ಲ, ಯುಗಾದಿಯ ಆಸುಪಾಸಿನಲ್ಲಿ.

ಕಾರಣ ಪುಕ್ಕ. ಡಿಸೆಂಬರಿನಲ್ಲಿ ಕೆರೆಯ ಕಳೆಯ ಮೇಲೆ ಬಾಲ ಕುಣಿಸುತ್ತ ಓಡಾಡುವ ನಿಂಬೆ ಸಿಪಿಲೆ ಮಾಸಲು ಬೂದು ಹಕ್ಕಿ. ಪಕ್ಕದಲ್ಲಿ ಹಳದಿ ಸಿಪಿಲೆ ಬಂದು ನಿಂತರೆ ಯಾವುದು ಯಾವುದೆಂದು ಪಳಗಿದವರೂ ತಡವರಿಸುತ್ತಾರೆ. ಮಾರ್ಚ್‌ನಲ್ಲಿ ಅದೇ ಗಂಡನ್ನು ನೋಡಿ. ಕೆನ್ನೆಯ ಮೇಲೆ ತೇಪೆ ಹಾಕಿದಂತೆ ಅಲ್ಲಲ್ಲಿ ಹಳದಿ, ನೆತ್ತಿ ಇನ್ನೂ ಅರ್ಧ ಬೂದು, ಕತ್ತಿನ ಹಿಂದೆ ಕಪ್ಪು ಪಟ್ಟಿಯ ಒಂದು ತುದಿಯಷ್ಟೇ ಮೂಡಿರುತ್ತದೆ. ಕೆಲವೇ ವಾರಗಳಲ್ಲಿ ತಲೆ, ಎದೆ ಎಲ್ಲ ಅಪ್ಪಟ ನಿಂಬೆ ಹಳದಿ. ಆಮೇಲೆ ಒಂದು ದಿನ ಹಕ್ಕಿಯೇ ಇಲ್ಲ. ಸೈಬೀರಿಯದ ಟಂಡ್ರಾಕ್ಕೆ ಹೊರಡುವ ಪೆಸಿಫಿಕ್ ಗೋಲ್ಡನ್ ಪ್ಲೋವರ್ ಕೂಡ ಹಾಗೆಯೇ. ಚಳಿಗಾಲವಿಡೀ ಕಂದು ಮಣ್ಣಿನಲ್ಲಿ ಕಂದಾಗಿ ಕುಳಿತಿದ್ದದ್ದು ಏಪ್ರಿಲ್‌ನಲ್ಲಿ ಮುಖ, ಹೊಟ್ಟೆ ಕಪ್ಪಾಗಿಸಿಕೊಂಡು, ಬೆನ್ನಿನ ಮೇಲೆ ಚಿನ್ನದ ಚುಕ್ಕೆ ಹೊತ್ತು ನಿಲ್ಲುತ್ತದೆ. ಫೀಲ್ಡ್ ಗೈಡಿನಲ್ಲಿ ‘ಸಂತಾನ ಕಾಲದ ಪುಕ್ಕ’ ಎಂದು ಬರೆದಿರುವ ಚಿತ್ರಗಳು ನಮಗಲ್ಲ, ರಷ್ಯದವರಿಗೆ ಎಂದುಕೊಂಡವರು ಏಪ್ರಿಲ್‌ನ ಕೆರೆಯನ್ನು ನೋಡಿಲ್ಲ.

ಎಲ್ಲವೂ ಒಟ್ಟಿಗೆ ಗಂಟುಮೂಟೆ ಕಟ್ಟುತ್ತವೆ ಎಂಬುದೂ ಸರಿಯಲ್ಲ. ಬಾತುಗಳು ಮೊದಲು ಖಾಲಿಯಾಗುತ್ತವೆ. ಗುಲಾಬಿ ಕಬ್ಬಕ್ಕಿಗಳು ಮುತ್ತುಗ, ಬೂರುಗದ ಹೂವಿನ ಕಾಲ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಮಧ್ಯ ಏಷ್ಯಾದ ಕಡೆ ಹೊರಡುತ್ತವೆ. ಎಲೆ ಉಲಿಯಕ್ಕಿಗಳು ಏಪ್ರಿಲ್ ಕೊನೆಯವರೆಗೂ ಇರುತ್ತವೆ. ತಮಿಳುನಾಡು, ಶ್ರೀಲಂಕಾದಲ್ಲಿ ಚಳಿಗಾಲ ಕಳೆದ ನವರಂಗ ಉತ್ತರಕ್ಕೆ ಹೋಗುವಾಗ ಬೆಂಗಳೂರಿನ ಮರಗಳ ಕೆಳಗೆ ಒಂದೆರಡು ದಿನ ತರಗೆಲೆ ಕೆದಕಿ ಮುಂದೆ ಸಾಗುವುದೂ ಏಪ್ರಿಲ್‌ನಲ್ಲೇ. ಜನವರಿಯಲ್ಲಿ ಅದನ್ನು ಅಲ್ಲಿ ಹುಡುಕಿದರೆ ಸಿಗುವುದು ಅಪರೂಪ.

‘ಸೆಕೆ ತಡೆಯಲಾರದೆ ಹೋಗುತ್ತವೆ’

ಇಲ್ಲ. ಅಲ್ಲಿಯ ಚಳಿಗೆ ಹೆದರಿ ಬಂದವು, ಇಲ್ಲಿಯ ಬಿಸಿಲಿಗೆ ಹೆದರಿ ಹೋದವು ಎಂಬ ಲೆಕ್ಕ ಸುಲಭವಾಗಿದೆ, ಆದರೆ ಹಕ್ಕಿ ಥರ್ಮಾಮೀಟರ್ ನೋಡಿ ಹೊರಡುವುದಿಲ್ಲ. ಪುಕ್ಕದ ಹೊದಿಕೆಯಿರುವ ಹಕ್ಕಿಗೆ ಚಳಿ ಅಷ್ಟು ದೊಡ್ಡ ಶತ್ರುವಲ್ಲ. ಹುಳು ಸಿಗದಿರುವುದು, ನೀರು ಹೆಪ್ಪುಗಟ್ಟುವುದು ಶತ್ರು. ವಾಪಸಾಗಲು ಕಾರಣ, ಉತ್ತರದ ಬೇಸಿಗೆಯಲ್ಲಿ ಹಗಲು ಉದ್ದ, ಹುಳು ಧಾರಾಳ, ಮರಿ ಸಾಕಲು ಜಾಗ ವಿಶಾಲ.

ಹೊರಡುವ ಹೊತ್ತನ್ನು ತಿಳಿಸುವುದು ಹಗಲಿನ ಉದ್ದ ಮತ್ತು ಮೈಯೊಳಗಿನ ಗಡಿಯಾರ. 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್ ಕೊರೆಯುವ ಚಳಿಗಾಲದಲ್ಲಿ ಜಂಕೊ ಎಂಬ ಪುಟ್ಟ ಹಕ್ಕಿಗಳ ಪಂಜರಕ್ಕೆ ವಿದ್ಯುತ್ ದೀಪ ಹಾಕಿ ಹಗಲನ್ನು ಉದ್ದ ಮಾಡಿದರು. ಹೊರಗೆ ಹಿಮ ಬೀಳುತ್ತಿದ್ದರೂ ಹಕ್ಕಿಗಳ ದೇಹ ವಸಂತ ಬಂತೆಂದೇ ತಿಳಿಯಿತು. ಆದರೆ ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೆ. ಅಷ್ಟು ಸಣ್ಣ ಸುಳಿವು ಸಾಕೇ? ಇಲ್ಲಿ ಗಡಿಯಾರ ನೆರವಿಗೆ ಬರುತ್ತದೆ. ಜರ್ಮನಿಯ ಎಬರ್‌ಹಾರ್ಡ್ ಗ್ವಿನ್ನರ್ ಉಲಿಯಕ್ಕಿಗಳನ್ನು ಬೆಳಕು ಬದಲಾಗದ ಕೋಣೆಯಲ್ಲಿ ಸಾಕಿ ನೋಡಿದರು. ಋತುವಿನ ಸುಳಿವೇ ಇಲ್ಲದಿದ್ದರೂ ಅವು ಹೆಚ್ಚುಕಡಿಮೆ ವರ್ಷಕ್ಕೊಂದು ಸುತ್ತಿನಂತೆ ಪುಕ್ಕ ಬದಲಿಸಿದವು, ವಲಸೆಯ ಹೊತ್ತಿಗೆ ರಾತ್ರಿ ಚಡಪಡಿಸಿದವು. ಹೀಗೆ ಹೊರಡುವ ಮುನ್ನ ವಲಸೆ ಹಕ್ಕಿಗಳು ಬಕಾಸುರನಂತೆ ತಿಂದು ಕೊಬ್ಬು ಕೂಡಿಸಿಕೊಳ್ಳುತ್ತವೆ. ಏಪ್ರಿಲ್‌ನಲ್ಲಿ ಒಂದು ಉಲಿಯಕ್ಕಿ ನಿಮ್ಮನ್ನು ಲೆಕ್ಕಿಸದೆ ಎಲೆಯಡಿಯ ಹುಳು ಹೆಕ್ಕುತ್ತಿದ್ದರೆ ಅದಕ್ಕೆ ಧೈರ್ಯ ಬಂದಿದೆ ಎಂದಲ್ಲ, ಪುರುಸೊತ್ತಿಲ್ಲ ಎಂದು.

‘ರಂಗನತಿಟ್ಟಿಗೆ ಆಸ್ಟ್ರೇಲಿಯಾ, ಸೈಬೀರಿಯಾದಿಂದ ಹಕ್ಕಿ ಬಂದು ಗೂಡು ಕಟ್ಟುತ್ತವೆ’

ಇಷ್ಟು ಗಟ್ಟಿಯಾಗಿ ಬೇರುಬಿಟ್ಟ ತಪ್ಪು ಇನ್ನೊಂದಿಲ್ಲ. ದೋಣಿಯಲ್ಲಿ ಕುಳಿತ ಶಾಲಾ ಮಕ್ಕಳಿಗೆ ಮೇಷ್ಟರು ಹೇಳುತ್ತಾರೆ, ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಹೇಳುತ್ತಾರೆ. ವರದಿಗಳಲ್ಲೂ ‘ವಿದೇಶಿ ಬಾನಾಡಿಗಳ ಕಲರವ’ ತಪ್ಪದೆ ಬರುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಮೈಸೂರು ಅರಸರು ರಕ್ಷಿತ ತಾಣವಾಗಿ ಘೋಷಿಸಿದ ಆ ದ್ವೀಪಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಬಾಯ್ಕಳಕ, ಹೆಜ್ಜಾರ್ಲೆ, ಕರಿತಲೆಯ ಕೆಂಬರಲು, ಬಂಡೆಯ ಮೇಲೆ ಮೊಟ್ಟೆಯಿಡುವ ರೀವ, ಎಲ್ಲ ಈ ಉಪಖಂಡದವೇ. ಮಳೆ, ನೀರು, ಮೀನು ನೋಡಿಕೊಂಡು ನೂರಾರು ಕಿಲೋಮೀಟರ್ ಅಲೆದಾಡುತ್ತವೆ, ನಿಜ. ಆದರೆ ಪಾಸ್‌ಪೋರ್ಟ್ ಬೇಕಾಗುವಷ್ಟು ದೂರ ಹೋಗುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹುಣಸೆ, ಆಲದ ಮರಗಳ ಮೇಲೆ ಮರಿ ಮಾಡುವ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಹೀಗೆಯೇ. ಹೆರಿಗೆಗೆಂದು ತವರಿಗೆ ಬರುತ್ತವೆ ಎಂದು ಊರವರು ಹೇಳುವುದು ವರದಿಗಾರರ ಮಾತಿಗಿಂತ ಸತ್ಯಕ್ಕೆ ಹತ್ತಿರ.

ನೆನಪಿಡಲು ಒಂದು ಸೂತ್ರವಿದೆ. ಉತ್ತರದ ದೇಶಗಳಿಂದ ಚಳಿಗಾಲಕ್ಕೆ ಇಲ್ಲಿಗೆ ಬರುವ ಹಕ್ಕಿ ಇಲ್ಲಿ ಗೂಡು ಕಟ್ಟುವುದಿಲ್ಲ, ಗೂಡು ಕಟ್ಟಲೆಂದೇ ಅದು ವಾಪಸಾಗುವುದು. ಗೂಡಿನಲ್ಲಿ ಕುಳಿತ ಹಕ್ಕಿಯನ್ನು ತೋರಿಸಿ ಯಾರಾದರೂ ಸೈಬೀರಿಯಾ ಎಂದರೆ ಧಾರಾಳವಾಗಿ ಅನುಮಾನಿಸಿ.

ಹಾಗಾದರೆ ನಿಜವಾದ ದೂರದ ಪ್ರಯಾಣಿಕರು ಯಾರು? ಯಾರೂ ಕ್ಯಾಮೆರಾ ತಿರುಗಿಸದ ಹಕ್ಕಿಗಳು. ಮನೆಯ ಹಿಂದಿನ ಮಾವಿನ ಮರದಲ್ಲಿ ‘ಚಿವೀ’ ಎನ್ನುವ ಗ್ರೀನಿಶ್ ವಾರ್ಬ್ಲರ್ ಎಂಬ ಎಲೆ ಉಲಿಯಕ್ಕಿಯ ತೂಕ ಎಂಟು ಗ್ರಾಂ ಆಸುಪಾಸು. ಹಸಿರು ಬೆನ್ನು, ಮಾಸಲು ಹೊಟ್ಟೆ, ಕಣ್ಣಿನ ಮೇಲೊಂದು ತೆಳು ಹುಬ್ಬು, ರೆಕ್ಕೆಯ ಮೇಲೊಂದು ಬಿಳಿ ಗೆರೆ, ಆ ಗೆರೆಯೂ ಮಾರ್ಚ್ ಹೊತ್ತಿಗೆ ಸವೆದು ಹೋಗಿರಬಹುದು. ಅದರ ಬಳಗ ಮರಿ ಮಾಡುವ ಸೀಮೆ ಹಿಮಾಲಯದಿಂದ ಸೈಬೀರಿಯಾ, ಬಾಲ್ಟಿಕ್ ತೀರದವರೆಗೆ ಹರಡಿದೆ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಏಳೆಂಟು ತಿಂಗಳು ಇಲ್ಲಿದ್ದು, ತನ್ನದೆಂದುಕೊಂಡ ನಾಲ್ಕು ಮರಗಳಿಗೆ ಬೇರೆ ಉಲಿಯಕ್ಕಿಯನ್ನು ಸೇರಿಸದೆ ಕಾಯುವ ಈ ಹಕ್ಕಿ ಅತಿಥಿಯೋ ಯಜಮಾನನೋ ನೀವೇ ಹೇಳಿ. ಅದರ ವರ್ಷದ ಹೆಚ್ಚಿನ ಪಾಲು ಕಳೆಯುವುದು ನಮ್ಮ ಹಿತ್ತಿಲಿನಲ್ಲೇ.

‘ಹೆಬ್ಬಾತು ಎವರೆಸ್ಟ್ ಶಿಖರದ ಮೇಲೆ ಹಾರಿ ಬರುತ್ತದೆ’

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಪಟ್ಟೆತಲೆ ಹೆಬ್ಬಾತಿಗೆ ಹೆಸರುವಾಸಿ. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಕರ್ನಾಟಕದ ಮೂರು ತಾಣಗಳಲ್ಲಿ ಇದೂ ಒಂದು. ಉಳಿದೆರಡು ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ. ಇಲ್ಲಿ ಬಂದಿಳಿಯುವ ಹೆಬ್ಬಾತುಗಳು ಹಿಮಾಲಯ ದಾಟಿದವು ಎಂಬುದು ಸತ್ಯ. ಎವರೆಸ್ಟ್ ಮಾತ್ರ ಹೇಳುವವರ ಒಗ್ಗರಣೆ. ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ಅಳೆದಾಗ ಸಿಕ್ಕ ಅತಿ ಹೆಚ್ಚಿನ ಎತ್ತರ 7,290 ಮೀಟರ್, ಎವರೆಸ್ಟಿಗಿಂತ ಒಂದೂವರೆ ಸಾವಿರ ಮೀಟರ್ ಕಡಿಮೆ. ಅದೂ ಅಪರೂಪ, ಬಹುಪಾಲು ಹಾರಾಟ ಆರು ಸಾವಿರ ಮೀಟರಿಗಿಂತ ಕೆಳಗೇ ನಡೆದಿತ್ತು. ಎತ್ತರ ಕಾಯ್ದುಕೊಂಡು ಸಪಾಟಾಗಿ ಹಾರುವ ಬದಲು ಅವು ಕಣಿವೆ ಬಂದಾಗ ಇಳಿಯುತ್ತವೆ, ಗುಡ್ಡ ಬಂದಾಗ ಏರುತ್ತವೆ. ಇಳಿದದ್ದನ್ನು ಮತ್ತೆ ಏರುವುದು ದಡ್ಡತನದಂತೆ ಕಂಡರೂ ತೆಳು ಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚಿಗಿಂತ ಅದೇ ಅಗ್ಗ. ಹಿಮಾಲಯ ಏರಲು ಗಾಳಿ ತಂಪಾಗಿ ದಟ್ಟವಾಗಿರುವ ರಾತ್ರಿ, ನಸುಕಿನ ಹೊತ್ತನ್ನೇ ಆರಿಸಿಕೊಳ್ಳುತ್ತವೆ. ಅವುಗಳ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬೇರೆ ಬಾತುಗಳಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಇಷ್ಟೆಲ್ಲ ಇರುವಾಗ ಸುಳ್ಳು ಶಿಖರ ಏಕೆ ಬೇಕು?

ವಲಸೆ ಎಂದರೆ ಹಾಡಹಗಲೇ ಬಾಣದಾಕಾರದಲ್ಲಿ ಹಾರುವ ಹಿಂಡು ಎಂಬ ಚಿತ್ರವೂ ಹೆಬ್ಬಾತಿನಂಥವುಗಳಿಂದಲೇ ಬಂದದ್ದು. ಉಲಿಯಕ್ಕಿ, ನವರಂಗ, ಕಳಿಂಗದಂಥವು ಹಾರುವುದು ರಾತ್ರಿ. ಹಗಲು ಇಳಿದು ತಿನ್ನುತ್ತವೆ. ಹಾಗಾಗಿ ಅವುಗಳ ಪ್ರಯಾಣವನ್ನು ನಾವು ನೋಡುವುದಿಲ್ಲ. ನಿನ್ನೆ ಇಲ್ಲದ ಹಕ್ಕಿ ಇಂದು ಇರುವುದನ್ನಷ್ಟೇ ನೋಡುತ್ತೇವೆ.

‘ವಸಂತಕ್ಕೆ ಬರುವ ಹಕ್ಕಿ ಕೋಗಿಲೆ’

ಕೋಗಿಲೆ ಎಲ್ಲಿಂದಲೂ ಬರುವುದಿಲ್ಲ. ವರ್ಷವಿಡೀ ಇಲ್ಲೇ ಇರುತ್ತದೆ, ಚಳಿಗಾಲದಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ ಅಷ್ಟೆ. ‘ಕುಹೂ’ ಎನ್ನುವುದು ಕರಿಯ ಗಂಡು. ಚುಕ್ಕೆ ಚುಕ್ಕೆಯ ಕಂದು ಹೆಣ್ಣಿನದು ‘ಕಿಕ್ ಕಿಕ್’ ಎಂಬ ಒರಟು ಕೂಗು.

ವಸಂತದಲ್ಲಿ ನಿಜವಾಗಿ ಬರುವ ಹಕ್ಕಿ ನೋಡಬೇಕೆಂದರೆ ಶ್ರೀರಂಗಪಟ್ಟಣದ ಬಳಿ ಕಾವೇರಿ ದಂಡೆಗೆ ಹೋಗಬೇಕು. ನಗುವನಹಳ್ಳಿಯ ಮಣ್ಣು ದಿಬ್ಬಗಳಲ್ಲಿ ನೀಲಿಬಾಲದ ಕಳ್ಳಿಪೀರಗಳು ಗುಂಪಾಗಿ ಬಿಲ ಕೊರೆದು ಮರಿ ಮಾಡುತ್ತವೆ. ಗಂಡು ಏರೋಪ್ಲೇನ್ ಚಿಟ್ಟೆ ಹಿಡಿದು, ಕೊಂಬೆಗೆ ಬಡಿದು ಸಾಯಿಸಿ, ಹೆಣ್ಣಿನ ಕೊಕ್ಕಿಗೆ ಕೊಡುವ ಒಂದು ಚಿತ್ರಕ್ಕಾಗಿ ಎಲ್ಲೆಲ್ಲಿಂದಲೋ ಲೆನ್ಸುಗಳು ಬಂದು ಸಾಲಾಗಿ ನಿಲ್ಲುತ್ತವೆ. ‘ನಾವೇನು ಹಕ್ಕಿ ಹೊಡೆಯುತ್ತೇವೆಯೇ, ಬರೀ ಫೋಟೊ’ ಎಂಬ ನಂಬಿಕೆ ಬಿರುಕು ಬಿಡುವುದು ಇಲ್ಲೇ. ಬಿಲದ ಬಾಯಿಗೆ ತೀರ ಹತ್ತಿರ ನಿಂತರೆ ತಾಯಿ ಕೊಕ್ಕಿನಲ್ಲಿ ಹುಳು ಕಚ್ಚಿಕೊಂಡು ತಂತಿಯ ಮೇಲೆ ಕಾಯುತ್ತ ಕೂರುತ್ತದೆ, ಒಳಗೆ ಹೋಗುವುದಿಲ್ಲ. ಆ ಭಂಗಿ ಫೋಟೊದಲ್ಲಿ ಬಹಳ ಚೆನ್ನಾಗಿ ಬರುತ್ತದೆ ಎಂಬುದೇ ಫಜೀತಿ. ಕೆಳಗೆ ಮರಿ ಹಸಿದಿರುವುದು ಫ್ರೇಮಿನಲ್ಲಿ ಕಾಣುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ‘ಬೇಟೆ’ಯ ವ್ಯಾಖ್ಯೆಯಲ್ಲಿ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದೂ ಸೇರಿದೆ. ಗೂಡು ಸರಿಯಾಗಿ ಕಾಣಲಿ ಎಂದು ಅಡ್ಡ ಬಂದ ರೆಂಬೆ ಕತ್ತರಿಸುವವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಮೊಬೈಲಿನಲ್ಲಿ ಕೂಗು ಹಾಕಿ ನವರಂಗವನ್ನು ಕರೆಸುವುದೂ ನಿರಪಾಯವಲ್ಲ. ಎದುರಾಳಿ ಬಂದನೆಂದು ಅದು ತಿನ್ನುವುದು ಬಿಟ್ಟು ಬರುತ್ತದೆ, ಇಲ್ಲದ ವೈರಿಯನ್ನು ಹುಡುಕುತ್ತದೆ. ರಾತ್ರಿ ಹಾರಬೇಕಾದ ಹಕ್ಕಿಗೆ ಆ ಹೊತ್ತು ದುಬಾರಿ. ತರಗೆಲೆಯ ಸದ್ದು ಕೇಳಿಸಿಕೊಂಡು ಅರ್ಧ ಗಂಟೆ ಅಲುಗಾಡದೆ ಕುಳಿತರೆ ತಾನಾಗಿಯೇ ಎದುರು ಬರುವ ಹಕ್ಕಿ ಅದು.

‘ಮಂಗನ ಕಾಯಿಲೆ ತಂದದ್ದು ವಲಸೆ ಹಕ್ಕಿ’

ಇದು ಹಳ್ಳಿಯ ಗಾಳಿಮಾತಲ್ಲ, ಒಂದು ಕಾಲಕ್ಕೆ ವಿಜ್ಞಾನಿಗಳದೇ ಅನುಮಾನವಾಗಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಮಲಗಿದರು. ಸಿಕ್ಕ ವೈರಸ್ಸು ರಷ್ಯದ ಉಣ್ಣೆಜ್ವರಗಳ ವೈರಸ್ಸನ್ನು ಹೋಲುತ್ತಿತ್ತು. ರಷ್ಯ ಎಂದೊಡನೆ ಸೈಬೀರಿಯಾದ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಕಡೆ ಬೆರಳು ತಿರುಗಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಲೀಂ ಅಲಿಯವರ ಮುಂದಾಳತ್ವದಲ್ಲಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಲು ಶುರು ಮಾಡಿತು. ಹಕ್ಕಿಗಳ ಮೇಲಿನ ಆರೋಪ ರುಜುವಾತಾಗಲಿಲ್ಲ. ವೈರಸ್ಸು ಸುತ್ತುವುದು ಇಲ್ಲಿಯದೇ ಕಾಡಿನ ಉಣ್ಣೆ, ಇಲಿ, ಮಂಗಗಳ ನಡುವೆ. ಉಣ್ಣೆಮರಿಗಳ ಕಾಟ ಹೆಚ್ಚುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಮಲೆನಾಡಿಗೆ ಹಕ್ಕಿ ನೋಡಲು ಹೋಗುವ ಕಾಲದಲ್ಲೇ. ಹಾಗಾಗಿ ಅಲ್ಲಿ ತರಗೆಲೆಯ ಮೇಲೆ ಕೂರಬೇಡಿ. ಪ್ಯಾಂಟಿನ ತುದಿ ಸಾಕ್ಸ್ ಒಳಗಿರಲಿ, ಸಂಜೆ ಬಿಸಿನೀರಿನ ಸ್ನಾನ ತಪ್ಪಿಸಬೇಡಿ.

ಕಾಯಿಲೆಯ ನೆಪದಲ್ಲಿ ಶುರುವಾದ ಆ ಉಂಗುರಗಳಿಂದ ನಮಗೆ ಸಿಕ್ಕಿದ್ದು ಹಕ್ಕಿಗಳ ದಾರಿಯ ತಿಳಿವಳಿಕೆ. ಈಗ ಉಂಗುರದ ಅಂಕಿ ಓದಲು ಹಕ್ಕಿ ಹಿಡಿಯಬೇಕಿಲ್ಲ, ಉದ್ದ ಲೆನ್ಸ್ ಸಾಕು. ಮಂಗೋಲಿಯಾದಲ್ಲಿ ಕುತ್ತಿಗೆಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಗುಂಪಿನಲ್ಲಿ ಅಂಥದ್ದೊಂದು ಕಂಡರೆ ಪಟ್ಟಿಯ ಬಣ್ಣ, ಅಕ್ಷರ, ಅಂಕಿ ಸ್ಪಷ್ಟವಾಗಿ ಬರುವಂತೆ ಒಂದು ಚಿತ್ರ ತೆಗೆದು, ಕೆರೆಯ ಹೆಸರು, ತಾರೀಖು ಸೇರಿಸಿ ಮುಂಬಯಿಯ ಆ ಸೊಸೈಟಿಗೆ ಕಳಿಸಿ. ರೆಕ್ಕೆ ಬಿಚ್ಚಿದ ಚಿತ್ರ ಚಂದ, ಆದರೆ ಅದರಲ್ಲಿ ಪಟ್ಟಿಯ ಅಂಕಿ ಓದಲು ಬರುವುದಿಲ್ಲ. ಹಕ್ಕಿ ಸುಮ್ಮನೆ ನಿಂತು ಕತ್ತು ನೀಡಿರುವಾಗಲೇ ಕ್ಲಿಕ್ ಮಾಡಿ.