ಒಳಗಿನ ಗಣಕಕ್ಕೆ ಹೊರಗಿನ ವಿಳಾಸ

ಶಿಕಾರಿಪುರ ತಾಲ್ಲೂಕಿನ ಅಂಜನಾಪುರದಲ್ಲಿ ಕುಮುದ್ವತಿ ನದಿಗೆ ಕಟ್ಟಿದ ಜಲಾಶಯವಿದೆ. ಅದರ ನೀರಿನ ಮಟ್ಟವನ್ನು ಗಂಟೆಗೊಮ್ಮೆ ದಾಖಲಿಸುವ ಗಣಕವೊಂದನ್ನು ಊರಿನ ವಿದ್ಯಾರ್ಥಿಗಳು ಶಾಲೆಯಲ್ಲಿ ಇಟ್ಟಿದ್ದಾರೆಂದು ಭಾವಿಸೋಣ. ಆ ಅಂಕಿಗಳನ್ನು ಸೊರಬದ ವಿದ್ಯಾರ್ಥಿಗಳೂ ನೋಡಬೇಕು. ಗಣಕದ ವಿಳಾಸ 192.168.1.10. ಆದರೆ ಸೊರಬದಲ್ಲಿ ಕುಳಿತು ಈ ವಿಳಾಸ ಕೊಟ್ಟರೆ ಏನೂ ಸಿಗದು. ಏಕೆ?

ಅಂತರಜಾಲದ ನಾಲ್ಕನೆಯ ಆವೃತ್ತಿಯಲ್ಲಿ ವಿಳಾಸದ ಉದ್ದ 32 ಬಿಟ್. ಹಾಗಾಗಿ ಒಟ್ಟು ಇರಬಹುದಾದ ವಿಳಾಸಗಳು ಸುಮಾರು 429 ಕೋಟಿ ಮಾತ್ರ. ಇವು ಸಾಲವು ಎಂಬುದು 1990ರ ದಶಕದ ಆರಂಭದಲ್ಲೇ ಸ್ಪಷ್ಟವಾಗಿತ್ತು. ಆದ್ದರಿಂದ 192.168ರಿಂದ ಆರಂಭವಾಗುವಂಥ ಕೆಲವು ವಿಳಾಸಗಳನ್ನು ಖಾಸಗಿ ಬಳಕೆಗೆಂದು ಬಿಡಲಾಯಿತು. ಇವು ಸಾವಿರಾರು ಕಟ್ಟಡಗಳಲ್ಲಿ ಏಕಕಾಲಕ್ಕೆ ಬಳಕೆಯಲ್ಲಿವೆ. ಹೊರಗಿನ ಜಾಲ ಇವನ್ನು ಗುರುತಿಸುವುದಿಲ್ಲ. ಒಳವಿಳಾಸವನ್ನು ಹೊರವಿಳಾಸವಾಗಿ ಬದಲಿಸುವ ‘ನ್ಯಾಟ್’ ವಿಧಾನವನ್ನು ಎಗೆವಾಂಗ್ ಮತ್ತು ಫ್ರಾನ್ಸಿಸ್ 1994ರಲ್ಲಿ ವಿವರಿಸಿದರು.

ಸ್ಥಿರ ನ್ಯಾಟ್ ಎಂದರೆ ಗಣಿತದ ಏಕೈಕ ಸಂಬಂಧದಂತೆ: ಒಂದು ಒಳವಿಳಾಸಕ್ಕೆ ಒಂದೇ ಹೊರವಿಳಾಸ. ಸಿಸ್ಕೋ ರೌಟರ್‌ನಲ್ಲಿ ಇದಕ್ಕೆ ಒಂದು ಸಾಲು ಸಾಕು (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ):

ಐಪಿ ನ್ಯಾಟ್ ಇನ್‌ಸೈಡ್ ಸೋರ್ಸ್ ಸ್ಟ್ಯಾಟಿಕ್ 192.168.1.10 203.0.113.10

ಎರಡನೆಯ ವಿಳಾಸ ಉದಾಹರಣೆಗಳಿಗೆಂದೇ ಮೀಸಲಾದದ್ದು. ಅಲ್ಲಿ ಸೇವಾದಾರರು ಕೊಟ್ಟ ವಿಳಾಸ ಬರಬೇಕು. ಬಳಿಕ ಶಾಲೆಯ ಕಡೆಯ ಸಂಪರ್ಕದ್ವಾರಕ್ಕೆ ‘ಐಪಿ ನ್ಯಾಟ್ ಇನ್‌ಸೈಡ್’, ಹೊರಗಿನದಕ್ಕೆ ‘ಐಪಿ ನ್ಯಾಟ್ ಔಟ್‌ಸೈಡ್’ ಎಂದು ಸೂಚಿಸಬೇಕು. ಹೊಸಬರು ಮರೆಯುವುದು ಇದನ್ನೇ! ಗಣಕದ ಒಳವಿಳಾಸವೂ ತಾನಾಗಿ ಬದಲಾಗದಂತೆ ನಿಗದಿಯಾಗಿರಬೇಕು.

ಈಗ ಸೊರಬದಿಂದ ಬಂದ ಪ್ಯಾಕೆಟ್‌ನ ಗಮ್ಯ ವಿಳಾಸವನ್ನು ರೌಟರ್ ತಿದ್ದಿ ಒಳಗೆ ಕಳಿಸುತ್ತದೆ. ಉತ್ತರ ಹೊರಡುವಾಗ ಮೂಲ ವಿಳಾಸವನ್ನು ತಿದ್ದುತ್ತದೆ. ವಿಳಾಸ ಬದಲಾದುದರಿಂದ ದೋಷಪತ್ತೆಯ ಮೊತ್ತವನ್ನೂ ಮತ್ತೆ ಲೆಕ್ಕ ಹಾಕುತ್ತದೆ. ‘ಶೋ ಐಪಿ ನ್ಯಾಟ್ ಟ್ರಾನ್ಸ್‌ಲೇಷನ್ಸ್’ ಎಂದರೆ ಈ ಜೋಡಿ ಪರದೆಯ ಮೇಲೆ ಕಾಣುತ್ತದೆ. ಪರೀಕ್ಷೆಯನ್ನು ಮಾತ್ರ ಹೊರಗಿನಿಂದಲೇ ಮಾಡಿ. ಶಾಲೆಯೊಳಗಿನಿಂದ ಹೊರವಿಳಾಸವನ್ನು ಕೇಳಿದರೆ ಎಲ್ಲವೂ ಸರಿಯಿದ್ದರೂ ಎಷ್ಟೋ ಬಾರಿ ಉತ್ತರ ಬಾರದು.

ಸ್ಥಿರ ನ್ಯಾಟ್ ಕಾವಲುಗಾರನಲ್ಲ, ಇದನ್ನು ಒತ್ತಿ ಹೇಳಬೇಕು. ನೀರಿನ ಮಟ್ಟ ತೋರಿಸುವ ಪುಟದ ಜೊತೆಗೆ ಆ ಗಣಕದ ಉಳಿದ ಸೇವೆಗಳೂ ಲೋಕಕ್ಕೆಲ್ಲ ತೆರೆದುಕೊಳ್ಳುತ್ತವೆ. ಜಾಲಪುಟಕ್ಕೆ ಬೇಕಾದ 443ನೆಯ ಪೋರ್ಟ್ ಒಂದನ್ನು ಬಿಟ್ಟು ಮಿಕ್ಕವನ್ನು ತಡೆಯುವ ನಿಯಮವನ್ನು ಮೊದಲೇ ಬರೆದಿಡುವುದು ಕ್ಷೇಮ.

ಇಷ್ಟಾದರೂ ಕೆಲಸ ಆಗದಿದ್ದರೆ ರೌಟರ್‌ನ ಹೊರಗಿನ ವಿಳಾಸವನ್ನು ನೋಡಿ. ಅದು 100.64ರಿಂದ 100.127ರವರೆಗಿನ ಗುಂಪಿನಲ್ಲಿದ್ದರೆ ಸೇವಾದಾರರು ತಮ್ಮಲ್ಲೇ ಇನ್ನೊಂದು ನ್ಯಾಟ್ ಮಾಡಿದ್ದಾರೆ ಎಂದರ್ಥ. ಆಗ ನಮ್ಮ ಸಾಲನ್ನು ಎಷ್ಟು ತಿದ್ದಿದರೂ ಫಲವಿಲ್ಲ. ಸ್ಥಿರವಾದ ಸಾರ್ವಜನಿಕ ವಿಳಾಸಕ್ಕಾಗಿ ಅವರಿಗೇ ಅರ್ಜಿ ಕೊಡಬೇಕು.